ಗಣಿತ ಪ್ರಶ್ನೋತ್ತರ: ಎರಡು ದಾರಿ, ಒಂದೇ ತಪ್ಪು

ಪ್ರಶ್ನೆ: ಸರ್, ಇಂಗ್ಲಿಷಿನಲ್ಲಿ ‘ಧಾರವಾಡ’ ಎಂದು ಬರೆದರೆ ಏಳು ಅಕ್ಷರಗಳು: ಡಿ, ಎಚ್, ಎ, ಆರ್, ಡಬ್ಲ್ಯೂ, ಎ, ಡಿ. ಎರಡು ‘ಎ’ ಅಕ್ಕಪಕ್ಕ ಬರಬಾರದು, ಎರಡು ‘ಡಿ’ಯೂ ಅಕ್ಕಪಕ್ಕ ಬರಬಾರದು. ಎಷ್ಟು ಜೋಡಣೆಗಳು? ಒಟ್ಟು 1,260ರಲ್ಲಿ ‘ಎ’ಗಳು ಜೊತೆಗಿರುವ 360 ಮತ್ತು ‘ಡಿ’ಗಳು ಜೊತೆಗಿರುವ 360 ಕಳೆದೆ, 540 ಬಂತು. ಸಂಶಯದಿಂದ ಖಾಲಿ ಜಾಗಗಳನ್ನು ತುಂಬುವ ವಿಧಾನದಲ್ಲಿ ಮಾಡಿದೆ, ಆಗಲೂ 540. ಗೈಡಿನಲ್ಲಿ 660 ಎಂದಿದೆ. ಎರಡು ದಾರಿಯಲ್ಲಿ ಬಂದ ಉತ್ತರ ತಪ್ಪಾಗಲು ಸಾಧ್ಯವೇ?
– ಪ್ರಥಮ ಪಿಯುಸಿ ವಿದ್ಯಾರ್ಥಿನಿ, ರಾಣೆಬೆನ್ನೂರು

ಉತ್ತರ: ಸಾಧ್ಯ, ತಂಗಿ. 660 ಸರಿ. ಆದರೂ ನಿನ್ನ ಪತ್ರ ನನಗೆ ಬಹಳ ಸಂತೋಷ ಕೊಟ್ಟಿತು. ಉತ್ತರ ಹೊಂದದಿದ್ದರೆ ಗೈಡಿನ ಸಂಖ್ಯೆ ಬರುವವರೆಗೆ ಏನನ್ನೋ ಕೂಡಿಸಿ, ಏನನ್ನೋ ಕಳೆದು ಪುಟ ತಿರುಗಿಸುವವರೇ ಹೆಚ್ಚು. ನೀನು ಬೇರೆ ದಾರಿ ಹಿಡಿದು ಪರೀಕ್ಷಿಸಿದೆ.

ಧಾರವಾಡದಲ್ಲಿ ಪಿಯುಸಿ ತರಗತಿಗಳಿಗೆ ಕ್ರಮಯೋಜನೆ ಕಲಿಸುವಾಗ ನಾನು ಒಂದು ಪಟ್ಟು ಹಿಡಿಯುತ್ತಿದ್ದೆ: ವಿಧಾನದ ಮೇಲೆ ನಂಬಿಕೆ ಇಡುವ ಮೊದಲು ಅದನ್ನು ಬೆರಳೆಣಿಕೆಯ ಲೆಕ್ಕದಲ್ಲಿ ಓಡಿಸಿ ನೋಡಬೇಕು. ಇಲ್ಲಿಯೂ ಹಾಗೆಯೇ ಮಾಡೋಣ. ಎಚ್, ಆರ್, ಡಬ್ಲ್ಯೂ ಮೂರನ್ನೂ ಬಿಟ್ಟುಬಿಡು. ಉಳಿದದ್ದು ಎರಡು ‘ಎ’, ಎರಡು ‘ಡಿ’. ಒಟ್ಟು ಜೋಡಣೆ 6. ‘ಎ’ಗಳು ಜೊತೆಗಿರುವುದು 3, ‘ಡಿ’ಗಳು ಜೊತೆಗಿರುವುದು 3. ನಿನ್ನ ಮೊದಲ ದಾರಿಯಲ್ಲಿ 6ರಲ್ಲಿ 6 ಹೋಗಿ ಸೊನ್ನೆ. ಆದರೆ ಡಿ-ಎ-ಡಿ-ಎ ಮತ್ತು ಎ-ಡಿ-ಎ-ಡಿ ಕಣ್ಣೆದುರಿಗೇ ಇವೆ, ಎರಡೂ ನಿಯಮಕ್ಕೆ ಒಪ್ಪುತ್ತವೆ! ಸರಿಯಾದ ಉತ್ತರ 2.

ಎಲ್ಲಿ ತಪ್ಪಿತು? ಎ-ಎ-ಡಿ-ಡಿ ಎಂಬ ಜೋಡಣೆಯನ್ನು ನೋಡು. ಅದು ‘ಎ’ಗಳು ಜೊತೆಗಿರುವ ಪಟ್ಟಿಯಲ್ಲೂ ಇದೆ, ‘ಡಿ’ಗಳು ಜೊತೆಗಿರುವ ಪಟ್ಟಿಯಲ್ಲೂ ಇದೆ. ನೀನು ಅದನ್ನು ಎರಡು ಸಲ ಕಳೆದಿದ್ದೀಯೆ, ಕಳೆಯಬೇಕಾದದ್ದು ಒಂದೇ ಸಲ. ಏಳು ಅಕ್ಷರಗಳ ಲೆಕ್ಕದಲ್ಲಿ ‘ಎ’ಗಳ ಜೋಡಿ ಒಂದು ಘಟಕ, ‘ಡಿ’ಗಳ ಜೋಡಿ ಒಂದು ಘಟಕ, ಜೊತೆಗೆ ಮೂರು ಅಕ್ಷರಗಳು, ಒಟ್ಟು ಐದು, ಅಂದರೆ 5! (5 × 4 × 3 × 2 × 1) = 120 ಜೋಡಣೆಗಳು. ಇವು ಎರಡು ಸಲ ಹೋಗಿವೆ, ಒಂದು ಸಲ ಮರಳಿ ಕೂಡಿಸಬೇಕು: 1,260 – 360 – 360 + 120 = 660.

ಈಗ ಎರಡನೆಯ ದಾರಿ. ನೀನು ‘ಎ’ಗಳನ್ನು ಬದಿಗಿಟ್ಟು ಉಳಿದ ಐದನ್ನು ‘ಡಿ’ಗಳು ಬೇರೆಯಾಗಿರುವಂತೆ 36 ರೀತಿ ಜೋಡಿಸಿದೆ. ಆಮೇಲೆ ಅವುಗಳ ನಡುವಿನ ಮತ್ತು ತುದಿಗಳ 6 ಜಾಗಗಳಲ್ಲಿ ಎರಡನ್ನು ಆರಿಸಿ ‘ಎ’ ಇಟ್ಟೆ. ಅದಕ್ಕೆ 15 ರೀತಿ. 36 × 15 = 540. ಇಟ್ಟ ಒಂದೊಂದೂ ಸರಿಯಾದ ಜೋಡಣೆಯೇ. ಆದರೆ ‘ಎ’ ಇಡುವ ಮೊದಲೇ ‘ಡಿ’ಗಳು ಬೇರೆಯಾಗಿರಬೇಕು ಎಂದು ನಿಯಮ ಹೇಳಿತ್ತೇ? ಇಲ್ಲ, ಅದು ನೀನೇ ಸೇರಿಸಿದ ಷರತ್ತು. ‘ಡಿ’ಗಳು ಮೊದಲು ಜೊತೆಗಿದ್ದು, ನಡುವೆ ಒಂದು ‘ಎ’ ಬಂದು ಅವನ್ನು ಬೇರ್ಪಡಿಸಬಹುದು. ‘ಡಿ’ಗಳು ಜೊತೆಗಿರುವ ಜೋಡಣೆಗಳು 24. ಒಂದು ‘ಎ’ ಅವುಗಳ ನಡುವೆ ಕೂರಲೇಬೇಕು, ಇನ್ನೊಂದಕ್ಕೆ ಉಳಿದ 5 ಜಾಗಗಳು. 24 × 5 = 120. ಮತ್ತೆ 660.

ಎರಡೂ ಕಡೆ ತಪ್ಪಿಹೋದದ್ದು ಅದೇ 120. ಇದು ಆಕಸ್ಮಿಕವಲ್ಲ, ಈ ಲೆಕ್ಕದಲ್ಲಿ ನನಗೆ ಅತ್ಯಂತ ಪ್ರಿಯವಾದ ಭಾಗವೇ ಇದು. ಮೊದಲ ದಾರಿಯಲ್ಲಿ ಎರಡು ಸಲ ಕಳೆದುಹೋದ ಜೋಡಣೆಗಳಲ್ಲಿ ‘ಎ-ಎ’, ‘ಡಿ-ಡಿ’ ಎಂಬ ಎರಡು ಜೋಡಿಗಳಿವೆ. ‘ಎ’ ಜೋಡಿಯಿಂದ ಒಂದನ್ನು ಎತ್ತಿ ‘ಡಿ’ ಜೋಡಿಯ ನಡುವೆ ಇಟ್ಟುಬಿಡು. ಸಿಗುವುದು ಡಿ-ಎ-ಡಿ ಮತ್ತು ಒಂಟಿ ‘ಎ’, ಅಂದರೆ ಎರಡನೆಯ ದಾರಿಯಲ್ಲಿ ನೀನು ಕೈಬಿಟ್ಟ ಜೋಡಣೆ! ಹಿಂದಕ್ಕೂ ಹೀಗೆಯೇ ಹೋಗಬಹುದು. ಒಂದಕ್ಕೆ ಒಂದು ಸರಿಯಾಗಿ ಹೊಂದುವುದರಿಂದ ಎರಡೂ ಸಂಖ್ಯೆಗಳು ಸಮವಾಗಲೇಬೇಕು. ನಾಲ್ಕು ಅಕ್ಷರಗಳ ಲೆಕ್ಕದಲ್ಲಿ ನಿನ್ನ ಎರಡನೆಯ ದಾರಿಯೂ ಸೊನ್ನೆಯನ್ನೇ ಕೊಡುತ್ತದೆ, ಮಾಡಿ ನೋಡು.

ಪ್ರಶ್ನೆ: ಭಾಮಿನಿ ಷಟ್ಪದಿಯ ಒಂದು ಪದ್ಯದಲ್ಲಿ ಗುರು–ಲಘುಗಳು ಎಷ್ಟು ವಿಧದಲ್ಲಿ ಬರಬಹುದು? ಕನ್ನಡ ಕಲಿಸುವ ನನಗೆ ಈ ಲೆಕ್ಕ ಹಾಕಲು ಆಗಲಿಲ್ಲ.
– ಶಿಕ್ಷಕರು, ಗದಗ

ಉತ್ತರ: ಕುಮಾರವ್ಯಾಸನ ಊರಾದ ಗದಗಿನಿಂದ ಈ ಪ್ರಶ್ನೆ ಬಂದದ್ದು ಬಹಳ ಸೊಗಸಾಯಿತು, ಗುರುಗಳೇ. ಇದೂ ನಿರ್ಬಂಧವಿರುವ ಜೋಡಣೆಯ ಲೆಕ್ಕವೇ. ಅಕ್ಷರಗಳು ಎರಡೇ ಬಗೆ, ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು.

ಮೂರು ಮಾತ್ರೆಯ ಗಣ, ಅಂದರೆ ಅಕ್ಷರಗಳ ಗುಂಪು, ಮೂರು ಬಗೆಯಲ್ಲಿ, ನಾಲ್ಕು ಮಾತ್ರೆಯದು ಐದು ಬಗೆಯಲ್ಲಿ ಆಗುತ್ತದೆ. ಐದು ಮಾತ್ರೆಗೆ ಎಂಟು. ಕೊನೆಯಲ್ಲಿ ಲಘು ಇದ್ದರೆ ಅದಕ್ಕೆ ಮೊದಲಿನ ಭಾಗ ಒಂದು ಮಾತ್ರೆ ಕಡಿಮೆ, ಗುರು ಇದ್ದರೆ ಎರಡು ಕಡಿಮೆ; ಆದ್ದರಿಂದ ಪ್ರತಿ ಸಂಖ್ಯೆಯೂ ಹಿಂದಿನ ಎರಡರ ಮೊತ್ತ. 12ನೆಯ ಶತಮಾನದ ಹೇಮಚಂದ್ರನು ಛಂದಸ್ಸಿಗಾಗಿ ಹೇಳಿದ ಈ ಸರಣಿಯನ್ನೇ ಇಂದು ಜಗತ್ತು, 1202ರಲ್ಲಿ ಪುಸ್ತಕ ಬರೆದ ಇಟಲಿಯ ಫಿಬೊನಾಚಿಯ ಹೆಸರಿನಿಂದ ಕರೆಯುತ್ತದೆ.

ನಿಮಗೆ ಗೊತ್ತಿರುವಂತೆ ಮಾತ್ರಾಗಣ ಲಘು–ಗುರುವಿನಿಂದ ಆರಂಭವಾಗಬಾರದು. ಹಾಗಾಗಿ ಮೂರರಲ್ಲಿ ಒಂದು ಹೋಗಿ 2, ಐದರಲ್ಲಿ ಒಂದು ಹೋಗಿ 4. ಮೊದಲ ಸಾಲಿನಲ್ಲಿ ಮೂರು–ನಾಲ್ಕು, ಮೂರು–ನಾಲ್ಕು: 2 × 4 × 2 × 4 = 64. ನಿರ್ಬಂಧವಿಲ್ಲದಿದ್ದರೆ 225 ಆಗುತ್ತಿತ್ತು. ಇಂಥ ಸಾಲುಗಳು ನಾಲ್ಕು. ಮೂರನೆಯ ಮತ್ತು ಆರನೆಯ ಸಾಲುಗಳಲ್ಲಿ ಮೂರು–ನಾಲ್ಕು ಮೂರು ಸಲ ಬಂದು ಕೊನೆಗೆ ಒಂದು ಗುರು, ಅಲ್ಲಿ 512 ವಿಧ. ಎಲ್ಲ ಗುಣಿಸಿದರೆ ಎರಡನ್ನು 42 ಸಲ ಗುಣಿಸಿದ ಸಂಖ್ಯೆ, ಸುಮಾರು 4.4 ಲಕ್ಷ ಕೋಟಿ.

ಇಲ್ಲಿಗೇ ನಿಲ್ಲುವಂತಿಲ್ಲ, ಆದಿಪ್ರಾಸವಿದೆ: ಆರೂ ಸಾಲುಗಳ ಎರಡನೆಯ ಅಕ್ಷರದಲ್ಲಿ ಒಂದೇ ವ್ಯಂಜನ ಬರಬೇಕು, ಅದೇ ಪ್ರಾಸಾಕ್ಷರ. ಪ್ರಾಸಾಕ್ಷರದ ಹಿಂದಿನದು ಒಂದು ಸಾಲಿನಲ್ಲಿ ಗುರುವಾದರೆ ಆರರಲ್ಲೂ ಗುರು, ಲಘುವಾದರೆ ಆರರಲ್ಲೂ ಲಘು. ಅಂದರೆ ಪ್ರತಿ ಸಾಲಿನ ಮೊದಲ ಗಣದ ಎರಡು ಆಯ್ಕೆಗಳು ಪರಸ್ಪರ ಬಿಗಿದುಕೊಂಡಿವೆ: ಆರೂ ಕಡೆ ಗುರು–ಲಘು, ಇಲ್ಲವೇ ಆರೂ ಕಡೆ ಮೂರು ಲಘು. ಆರು ಸಾಲುಗಳ ಮೊದಲ ಗಣಗಳಿಗೆ ಎರಡನ್ನು ಆರು ಸಲ ಗುಣಿಸಿದ 64 ಇದ್ದ ಜಾಗದಲ್ಲಿ 2 ಮಾತ್ರ ಉಳಿದು, ಒಟ್ಟು ಸಂಖ್ಯೆ 32ರಲ್ಲಿ ಒಂದು ಭಾಗವಾಗುತ್ತದೆ: 13,743 ಕೋಟಿ 89 ಲಕ್ಷ 53 ಸಾವಿರದ 472. ಇಷ್ಟು ಬಿಗಿಯಾದ ನಿಯಮದೊಳಗೂ ಕವಿಗೆ ಇಷ್ಟೊಂದು ವಿಸ್ತಾರವಾದ ಜಾಗವಿದೆ ಎಂಬುದನ್ನು ದಯವಿಟ್ಟು ಮಕ್ಕಳಿಗೆ ಹೇಳಿ. ಛಂದಸ್ಸೆಂದರೆ ಹೆದರುವ ಮಕ್ಕಳು ಗಣಿತದ ಕಡೆಯಿಂದ ಒಳಗೆ ಬರಬಹುದು.

ಪ್ರಶ್ನೆ: ಹುಬ್ಬಳ್ಳಿಯ ಕೆಎ-63 ಗಾಡಿಗಳ ನಂಬರಿನಲ್ಲಿ ನಡುವೆ ಬರುವ ಎರಡು ಇಂಗ್ಲಿಷ್ ಅಕ್ಷರಗಳಿಂದ ಎಷ್ಟು ಸರಣಿಗಳಾಗುತ್ತವೆ?
– ಓದುಗರು, ಹುಬ್ಬಳ್ಳಿ

ಉತ್ತರ: ಒಂದು, ಸೊನ್ನೆಗಳಂತೆ ಕಾಣುವ ‘ಐ’, ‘ಓ’ ಅಕ್ಷರಗಳನ್ನು ಬಳಸುವುದಿಲ್ಲ. ಉಳಿದ 24ರಿಂದ 24 × 24 = 576 ಸರಣಿಗಳು. ಒಂದೇ ಅಕ್ಷರ ಎರಡು ಸಲ ಬರಬಾರದು ಎಂದರೆ 24 × 23 = 552. ಪ್ರತಿ ಸರಣಿಯಲ್ಲಿ 1ರಿಂದ 9999ರವರೆಗೆ ಸಂಖ್ಯೆಗಳಿರುವುದರಿಂದ 576 ಸರಣಿಗಳಿಗೆ ಒಟ್ಟು 57,59,424 ನಂಬರುಗಳು.