ಕಾಲೇಜುಗಳ ಪಟ್ಟಿ: ಸಿಗುವ ಕ್ರಮದಲ್ಲೋ, ಬೇಕಾದ ಕ್ರಮದಲ್ಲೋ?

ಪ್ರಶ್ನೆ: ನಾವು ಚಿತ್ರದುರ್ಗ ತಾಲ್ಲೂಕಿನ ಭರಮಸಾಗರದ ಹತ್ತಿರದ ಹಳ್ಳಿಯವರು. ಮಗಳು ದಾವಣಗೆರೆಯಲ್ಲಿ ಪಿಯುಸಿ ವಿಜ್ಞಾನ ಮುಗಿಸಿದ್ದಾಳೆ. ಸಿಇಟಿಯಲ್ಲಿ ಎಂಜಿನಿಯರಿಂಗ್ ರ್‍ಯಾಂಕ್ 41 ಸಾವಿರದ ಆಸುಪಾಸು ಬಂದಿದೆ. ನಮ್ಮದು 2ಎ, ಹತ್ತನೆಯ ತರಗತಿಯವರೆಗೆ ಊರಿನಲ್ಲೇ ಕನ್ನಡ ಮಾಧ್ಯಮದಲ್ಲಿ ಓದಿದ್ದಾಳೆ. ಸೈಬರ್ ಸೆಂಟರಿನವರು, ‘ಖಚಿತವಾಗಿ ಸಿಗುವ ಐದಾರು ಕಾಲೇಜು ಮಾತ್ರ ಹಾಕಿ, ದೊಡ್ಡ ಕಾಲೇಜು ಮೇಲೆ ಹಾಕಿದರೆ ಕೆಳಗಿನದೂ ಕೈತಪ್ಪುತ್ತದೆ’ ಎನ್ನುತ್ತಾರೆ. ನನ್ನ ಭಾವಮೈದುನ, ಬೆಂಗಳೂರು ಬಿಟ್ಟು ಬೇರೆಡೆ ಸೇರಿಸಲೇಬೇಡಿ ಎಂದು ಹಟ ಹಿಡಿದಿದ್ದಾರೆ. ಯಾವ ಕಾಲೇಜುಗಳನ್ನು, ಯಾವ ಕ್ರಮದಲ್ಲಿ ಹಾಕಬೇಕು?
— ಓದುಗರೊಬ್ಬರು, ಚಿತ್ರದುರ್ಗ ಜಿಲ್ಲೆ

ಉತ್ತರ: ಸೈಬರ್ ಸೆಂಟರಿನವರು ಹೇಳಿದ ಮಾತು ತಪ್ಪು. ಪ್ರತಿ ವರ್ಷ ಹಲವು ಮಕ್ಕಳು ಇದೇ ಮಾತನ್ನು ನಂಬಿ, ತಮಗೆ ಬರಬಹುದಾಗಿದ್ದ ಸೀಟನ್ನು ತಾವೇ ಬಿಟ್ಟುಕೊಡುವುದನ್ನು ನಾನು ನೋಡಿದ್ದೇನೆ. ಆದ್ದರಿಂದ ಮೊದಲು ಅದನ್ನೇ ಬಿಡಿಸಿ ಹೇಳುತ್ತೇನೆ.

ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಸೀಟು ಹಂಚಿಕೆ ರ್‍ಯಾಂಕಿನ ಪ್ರಕಾರ ಒಬ್ಬೊಬ್ಬರಂತೆ ನಡೆಯುತ್ತದೆ. ನಿಮ್ಮ ಮಗಳ ಸರದಿ ಬಂದಾಗ ಅವಳ ಪಟ್ಟಿಯನ್ನು ಮೇಲಿನಿಂದ ಕೆಳಕ್ಕೆ ಓದಲಾಗುತ್ತದೆ. ಅವಳಿಗೆ ಅರ್ಹತೆ ಇರುವ ಯಾವುದಾದರೂ ವರ್ಗದಲ್ಲಿ ಸೀಟು ಉಳಿದಿರುವ ಮೊದಲ ಆಯ್ಕೆಯೇ ಅವಳ ಪಾಲಿಗೆ ಬರುತ್ತದೆ. ಅವಳು ಮೊದಲ ಏಳು ಸಾಲುಗಳಲ್ಲಿ ಬೆಂಗಳೂರಿನ ಹೆಸರಾಂತ ಕಾಲೇಜುಗಳನ್ನು ಹಾಕಿ, ಎಂಟನೆಯದಾಗಿ ದಾವಣಗೆರೆಯ ಯುಬಿಡಿಟಿ ಕಾಲೇಜಿನ ಇ.ಸಿ. (ಎಲೆಕ್ಟ್ರಾನಿಕ್ಸ್ ಮತ್ತು ಕಮ್ಯುನಿಕೇಷನ್) ಬರೆದಿದ್ದಾಳೆ ಎಂದುಕೊಳ್ಳಿ. ಆ ಏಳೂ ಭರ್ತಿಯಾಗಿದ್ದರೆ ಎಂಟನೆಯದಕ್ಕೆ ಇಳಿಯುತ್ತದೆ, ಅಷ್ಟೇ. ಮೇಲಿನವು ಸಿಗದ ಕಾರಣಕ್ಕೆ ಎಂಟನೆಯದರಲ್ಲಿ ಅವಳ ಸರದಿ ಹಿಂದೆ ಹೋಗುವುದಿಲ್ಲ. ನಷ್ಟವಾಗುವುದು ಇದಕ್ಕೆ ತಿರುಗುಮುರುಗಾಗಿ ಬರೆದಾಗ. ಮನಸ್ಸಿನಲ್ಲಿ ಯುಬಿಡಿಟಿ ಬೇಕೆಂದಿದ್ದರೂ ‘ಇದಂತೂ ಗ್ಯಾರಂಟಿ’ ಎಂದು ಮತ್ತೊಂದು ಕಾಲೇಜನ್ನು ಮೂರನೆಯ ಸಾಲಿಗೆ ಏರಿಸಿದರೆ ಆ ಮೂರನೆಯದೇ ಸಿಗುತ್ತದೆ, ಅದರ ಕೆಳಗಿರುವ ಸಾಲುಗಳೆಲ್ಲ ರದ್ದಾಗುತ್ತವೆ. ಹಾಗಾಗಿ ಕ್ರಮವನ್ನು ಬೇಕಾದದ್ದಕ್ಕೆ ತಕ್ಕಂತೆ ಹಾಕಿ. ಸಿಗುವ ಸಾಧ್ಯತೆಯನ್ನು ಪಟ್ಟಿ ಎಷ್ಟು ಉದ್ದವಿರಬೇಕು ಎಂಬುದನ್ನು ತೀರ್ಮಾನಿಸಲು ಮಾತ್ರ ಬಳಸಿ. ಐದಾರು ಸಾಲು ಸಾಲದು. ಕಾಲೇಜಿನ ಕೋಡ್ ಮತ್ತು ಕೋರ್ಸಿನ ಕೋಡ್ ಸೇರಿ ಒಂದು ಆಯ್ಕೆಯಾಗುವುದರಿಂದ, ಒಂದೇ ಕಾಲೇಜಿನ ಮೂರು ಕೋರ್ಸುಗಳು ಮೂರು ಸಾಲು ಹಿಡಿಯುತ್ತವೆ. ಮೂವತ್ತು ನಲವತ್ತು ಸಾಲು ಬರೆದರೂ ಹೆಚ್ಚೇನಲ್ಲ. ಆದರೆ ಸಿಕ್ಕರೂ ಸೇರಲಾರೆವು ಎನಿಸುವ ಒಂದು ಸಾಲೂ ಅದರಲ್ಲಿ ಇರಕೂಡದು.

ಸಾಧ್ಯತೆಯನ್ನು ಅಳೆಯಲು ಪ್ರಾಧಿಕಾರದ ಜಾಲತಾಣದಲ್ಲಿ ಹಿಂದಿನ ವರ್ಷಗಳ ಕಟ್-ಆಫ್ ಪಟ್ಟಿಗಳಿವೆ, ಅಂದರೆ ಯಾವ ಸೀಟು ಕೊನೆಗೆ ಯಾವ ರ್‍ಯಾಂಕಿನವರಿಗೆ ಸಿಕ್ಕಿತು ಎಂಬ ಪಟ್ಟಿಗಳು. ಇಲ್ಲಿ ಹೆಚ್ಚಿನವರು ಜಿಎಂ ಎಂಬ ಸಾಮಾನ್ಯ ವರ್ಗದ ಅಂಕಣವೊಂದನ್ನೇ ನೋಡಿ ಎದೆಗುಂದುತ್ತಾರೆ. ನಿಮ್ಮ ಮಗಳು ನೋಡಬೇಕಾದದ್ದು 2ಎಜಿ, 2ಎಕೆ, 2ಎಆರ್ ಎಂಬ ಮೂರು ಅಂಕಣಗಳನ್ನು: ಮೊದಲನೆಯದು 2ಎ ಸಾಮಾನ್ಯ, ಎರಡನೆಯದು ಕನ್ನಡ ಮಾಧ್ಯಮ, ಮೂರನೆಯದು ಗ್ರಾಮೀಣ. ಜೊತೆಗೆ ಜಿಎಂಕೆ, ಜಿಎಂಆರ್ ಸೀಟುಗಳಿಗೂ ಅವಳು ಅರ್ಹಳು. ಗ್ರಾಮೀಣ ಅಭ್ಯರ್ಥಿಗಳಿಗೆ ಶೇ 15, ಕನ್ನಡ ಮಾಧ್ಯಮದವರಿಗೆ ಶೇ 5 ಮೀಸಲಾತಿ ಇರುವುದರಿಂದ ಈ ಅಂಕಣಗಳಲ್ಲಿ ಕೊನೆಯ ರ್‍ಯಾಂಕ್ ಬಹಳ ವೇಳೆ ಸಾಕಷ್ಟು ದೊಡ್ಡ ಸಂಖ್ಯೆಯವರೆಗೆ ಹೋಗಿರುತ್ತದೆ. ಆದರೆ ಇವೆಲ್ಲ ದೊರೆಯುವುದು ಅರ್ಜಿಯಲ್ಲಿ ಆ ಮೀಸಲಾತಿಗಳನ್ನು ಕೋರಿ, ಕ್ಷೇತ್ರ ಶಿಕ್ಷಣಾಧಿಕಾರಿಯ ಮೇಲುಸಹಿ ಇರುವ ವ್ಯಾಸಂಗ ಪ್ರಮಾಣಪತ್ರಗಳನ್ನು ಕೊಟ್ಟು, ಅವು ಪರಿಶೀಲನೆಯಲ್ಲಿ ಒಪ್ಪಿಗೆಯಾಗಿದ್ದರೆ ಮಾತ್ರ. ಈ ಪತ್ರಿಕೆಯನ್ನು ಕೆಳಗಿಟ್ಟ ಕೂಡಲೇ ವೆರಿಫಿಕೇಷನ್ ಸ್ಲಿಪ್ ತೆಗೆದು, 2ಎ, ಗ್ರಾಮೀಣ, ಕನ್ನಡ ಮಾಧ್ಯಮ ಮೂರೂ ಅದರಲ್ಲಿ ನಮೂದಾಗಿವೆಯೇ ನೋಡಿ. ನಿಮ್ಮ ಕುಟುಂಬದ ವಾರ್ಷಿಕ ಆದಾಯ 8 ಲಕ್ಷ ರೂಪಾಯಿಗಿಂತ ಕಡಿಮೆಯಿದ್ದರೆ ಬೋಧನಾ ಶುಲ್ಕ ವಿನಾಯಿತಿಯ ಎಸ್‌ಎನ್‌ಕ್ಯೂ ಸೀಟುಗಳಿಗೂ ಅವಕಾಶವುಂಟು. ಅವನ್ನು ಕೋರಿದ್ದೀರೋ ಇಲ್ಲವೋ ಎಂಬುದೂ ಅದೇ ಹೊತ್ತಿಗೆ ತಿಳಿದುಹೋಗಲಿ.

ಇನ್ನು ಬೆಂಗಳೂರಿನ ಮಾತು. ನಿಮ್ಮ ಭಾವಮೈದುನರ ಕಾಳಜಿಯಲ್ಲಿ ಹುರುಳಿಲ್ಲವೆಂದು ನಾನು ಹೇಳಲಾರೆ. ಅಲ್ಲಿನ ಹಳೆಯ, ಹೆಸರು ಗಳಿಸಿದ ಕಾಲೇಜುಗಳಿಗೆ ಕಂಪನಿಗಳು ಬರುವಷ್ಟು ಬೇರೆಡೆಗೆ ಬರುವುದಿಲ್ಲ. ಆದರೆ ಬೆಂಗಳೂರಿನಲ್ಲಿರುವ ಕಾಲೇಜುಗಳೆಲ್ಲ ಆ ಸಾಲಿನವಲ್ಲ. ನಗರದ ಅಂಚಿನಲ್ಲಿ ನಿನ್ನೆ ಮೊನ್ನೆ ಎದ್ದ ಕಾಲೇಜಿಗಿಂತ, 1951ರಲ್ಲಿ ಆರಂಭವಾಗಿ ಈಗ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಘಟಕ ಕಾಲೇಜಾಗಿರುವ ಯುಬಿಡಿಟಿ, 1979ರಿಂದ ನಡೆಯುತ್ತಿರುವ ಬಾಪೂಜಿ ತಾಂತ್ರಿಕ ಕಾಲೇಜು ನಿಮ್ಮ ಪಟ್ಟಿಯಲ್ಲಿ ಮೇಲಿರಬೇಕು ಎಂಬುದು ನನ್ನ ಅಭಿಪ್ರಾಯ. ಚಿತ್ರದುರ್ಗದ ಎಸ್‌ಜೆಎಂ ತಾಂತ್ರಿಕ ಕಾಲೇಜು ಮತ್ತು ಚಳ್ಳಕೆರೆಯ ಸರ್ಕಾರಿ ಎಂಜಿನಿಯರಿಂಗ್ ಕಾಲೇಜು ಅವುಗಳ ನಂತರ ಬರಲಿ. ಖರ್ಚಿನ ಲೆಕ್ಕವನ್ನೂ ಮರೆಯಬೇಡಿ. ಬೆಂಗಳೂರಿನಲ್ಲಿ ಪಿ.ಜಿ. ಬಾಡಿಗೆಯನ್ನು ನಾಲ್ಕು ವರ್ಷ ಕಟ್ಟುವುದು ಬೇರೆ. ಭರಮಸಾಗರ ಹೆದ್ದಾರಿಯ ಮೇಲೆಯೇ ಇರುವುದರಿಂದ ಶಕ್ತಿ ಯೋಜನೆಯ ಉಚಿತ ಬಸ್ಸಿನಲ್ಲಿ ದಾವಣಗೆರೆಗೆ ಓಡಾಡುವುದು ಬೇರೆ. ಆದರೆ ದಿನವೂ ಎರಡು ಹೊತ್ತು ಬಸ್ಸಿನಲ್ಲಿ ನಿಂತು ಬಂದ ಹುಡುಗಿಗೆ ರಾತ್ರಿ ಪುಸ್ತಕ ಹಿಡಿಯುವ ತ್ರಾಣ ಉಳಿಯುತ್ತದೆಯೇ ಎಂದು ಅವಳನ್ನೇ ಕೇಳಿ. ಪಿಯುಸಿಯ ಎರಡು ವರ್ಷ ಅವಳು ಹಾಗೆ ಓಡಾಡಿದ್ದರೆ ನಿಮಗಿಂತ ಅವಳಿಗೇ ಚೆನ್ನಾಗಿ ಗೊತ್ತಿರುತ್ತದೆ. ಕಷ್ಟವೆನ್ನುವುದಾದರೆ ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆಯ ಹಾಸ್ಟೆಲಿಗೆ ಅರ್ಜಿ ಹಾಕುವುದನ್ನು ತಡಮಾಡಬೇಡಿ.

ಪಟ್ಟಿ ಮುಗಿಸುವ ಮುನ್ನ ಹತ್ತಿರದ ಎರಡು ಮೂರು ಕಾಲೇಜುಗಳಿಗಾದರೂ ಮಗಳನ್ನು ಕರೆದುಕೊಂಡು ಹೋಗಿ ಬನ್ನಿ. ಕಚೇರಿಯಲ್ಲಿ ಕೊಡುವ ಬಣ್ಣದ ಪುಸ್ತಿಕೆಗಿಂತ, ಗೇಟಿನ ಎದುರಿನ ಚಹಾದಂಗಡಿಯಲ್ಲಿ ನಿಂತ ಮೂರನೆಯ ವರ್ಷದ ಹುಡುಗ ಹುಡುಗಿಯರು ಹೇಳುವುದೇ ಹೆಚ್ಚು. ವಾರಕ್ಕೆ ಎಷ್ಟು ಲ್ಯಾಬ್ ನಿಜವಾಗಿ ನಡೆಯುತ್ತವೆ, ವರ್ಷದ ನಡುವೆ ಎಷ್ಟು ಮಂದಿ ಅಧ್ಯಾಪಕರು ಬಿಟ್ಟುಹೋದರು ಎಂದು ಅವರನ್ನು ಕೇಳಿ. ಪ್ಲೇಸ್‌ಮೆಂಟ್ ವಿಷಯದಲ್ಲಿ ಫ್ಲೆಕ್ಸ್ ಮೇಲೆ ಮುಖ ಕಾಣಿಸಿಕೊಂಡವರನ್ನು ಎಣಿಸಬೇಡಿ. ನಿಮ್ಮ ಮಗಳು ಬಯಸುವ ಕೋರ್ಸಿನಲ್ಲಿ ಕಳೆದ ವರ್ಷ ಒಟ್ಟು ಎಷ್ಟು ಮಂದಿ ಇದ್ದರು, ಅವರಲ್ಲಿ ಎಷ್ಟು ಮಂದಿಗೆ ಕೆಲಸವಾಯಿತು ಎಂಬ ಎರಡೇ ಸಂಖ್ಯೆ ಕೇಳಿ. ಆ ಕೋರ್ಸಿಗೆ ಎನ್‌ಬಿಎ (ರಾಷ್ಟ್ರೀಯ ಮಾನ್ಯತಾ ಮಂಡಳಿ) ಮಾನ್ಯತೆ ಇದೆಯೇ ಎಂಬುದನ್ನೂ ವಿಚಾರಿಸಿ. ಅದು ಕಾಲೇಜಿಗಲ್ಲ, ಪ್ರತಿ ಕೋರ್ಸಿಗೆ ಪ್ರತ್ಯೇಕವಾಗಿ ಸಿಗುವಂಥದ್ದು.

ಅಣಕು ಸೀಟು ಹಂಚಿಕೆಯ ಫಲಿತಾಂಶ ಬಂದಾಗ ಹಿಗ್ಗುವುದೂ ಬೇಡ, ಕುಗ್ಗುವುದೂ ಬೇಡ; ಅದಾದ ಮೇಲೆ ಸಾಲುಗಳನ್ನು ಬದಲಿಸಲು ಅವಕಾಶ ಕೊಡುತ್ತಾರೆ. ನಿಜವಾದ ಮೊದಲ ಸುತ್ತಿನಲ್ಲಿ ಸೀಟು ಬಂದು, ಇದು ಕೈಯಲ್ಲಿರಲಿ, ಮೇಲಿನದಕ್ಕೂ ನೋಡೋಣ ಎನಿಸಿದರೆ ಚಾಯ್ಸ್ 2 ಒತ್ತಬೇಕಾಗುತ್ತದೆ. ಆಗ ಮುಂದಿನ ಸುತ್ತಿನಲ್ಲಿ ಮೇಲಿನ ಯಾವುದೇ ಸಾಲು ಸಿಕ್ಕರೂ ಮೊದಲಿನ ಸೀಟು ತಾನಾಗಿಯೇ ಹೋಗಿಬಿಡುತ್ತದೆ, ಮರಳಿ ಕೇಳಲು ಬರುವುದಿಲ್ಲ. ಆದ್ದರಿಂದ ಆ ಹೊತ್ತಿಗೆ ಮನಸ್ಸಿನಿಂದ ಇಳಿದುಹೋದ ಸಾಲುಗಳನ್ನು ಅಳಿಸಿದ ಮೇಲೆಯೇ ಮುಂದಿನ ಸುತ್ತಿಗೆ ಹೋಗಿ.

ಸೈಬರ್ ಸೆಂಟರಿಗೆ ಹೋಗಲೇಬೇಕಾಗಿ ಬಂದರೆ ಮಗಳೇ ಕೀಲಿಮಣೆಯ ಮುಂದೆ ಕುಳಿತುಕೊಳ್ಳಲಿ. ಪಾಸ್‌ವರ್ಡ್ ಮತ್ತು ಒಟಿಪಿ ನಿಮ್ಮಲ್ಲೇ ಇರಲಿ. ಮನೆಯಲ್ಲಿ ಹಾಳೆಯ ಮೇಲೆ ಬರೆದ ಪಟ್ಟಿಯನ್ನು ಜೊತೆಗೆ ಒಯ್ದು, ಕೊನೆಯ ದಿನಾಂಕಕ್ಕೆ ಎರಡು ದಿನ ಮೊದಲೇ ನಮೂದಿಸಿ, ಮುದ್ರಿತ ಪ್ರತಿ ತೆಗೆದುಕೊಂಡು, ಒಂದೊಂದು ಕೋಡನ್ನೂ ಆ ಹಾಳೆಯೊಂದಿಗೆ ತಾಳೆ ನೋಡಿದ ಮೇಲೆಯೇ ಅಲ್ಲಿಂದ ಏಳಿ.