ಗೇರುಬೀಜ ಕಾರ್ಖಾನೆಯೇ ಪಾಠಶಾಲೆ

ಪ್ರಶ್ನೆ: ಬಿ.ಕಾಂ. ಮುಗಿಸಿ ಕಾರ್ಕಳದ ಬಳಿಯ ಗೇರುಬೀಜ ಕಾರ್ಖಾನೆಯೊಂದರಲ್ಲಿ ಮೇಲ್ವಿಚಾರಕಿಯಾಗಿದ್ದೇನೆ. ದೂರಶಿಕ್ಷಣದಲ್ಲಿ ಎಂ.ಬಿ.ಎ. ಸೇರಿ ಉತ್ಪಾದನಾ ನಿರ್ವಹಣೆಯನ್ನು ಓದಬೇಕೆಂದಿದ್ದೇನೆ. ಇದು ದೊಡ್ಡ ಕಂಪನಿಗಳಿಗಷ್ಟೇ ಸಲ್ಲುವ ವಿದ್ಯೆಯೇ?
– ಓದುಗರೊಬ್ಬರು, ಉಡುಪಿ

ಉತ್ತರ: ಖಂಡಿತ ಅಲ್ಲ. ಬೀಜವನ್ನು ಬೇಯಿಸಿ, ಒಡೆದು, ತಿರುಳನ್ನು ಒಣಗಿಸಿ, ಸಿಪ್ಪೆ ತೆಗೆದು, ವಿಂಗಡಿಸುವ ನಿಮ್ಮ ಕೆಲಸದ ಸರಣಿಯಲ್ಲಿ ಈ ವಿಷಯದ ಮುಖ್ಯ ಪಾಠಗಳೆಲ್ಲ ಅಡಗಿವೆ. ಸಿಪ್ಪೆ ತೆಗೆಯುವ ವಿಭಾಗದ ಮುಂದೆ 600 ಕಿಲೋ ತಿರುಳು ಸದಾ ಕಾದಿದ್ದು, ದಿನಕ್ಕೆ 200 ಕಿಲೋ ಮಾತ್ರ ಮುಗಿಯುತ್ತಿದ್ದರೆ, ಪ್ರತಿ ತಿರುಳೂ ಸರಾಸರಿ ಮೂರು ದಿನ ಅಲ್ಲಿ ಉಳಿಯುತ್ತದೆ. ಕಾದಿರುವ ಮಾಲನ್ನು ದಿನಕ್ಕೆ ಮುಗಿಯುವ ಮಾಲಿನಿಂದ ಭಾಗಿಸಿದರೆ ಕಾಯುವ ದಿನಗಳು ಸಿಗುತ್ತವೆ; ಅಮೆರಿಕದ ಪ್ರಾಧ್ಯಾಪಕ ಜಾನ್ ಲಿಟಲ್ ಅವರು 1961ರಲ್ಲಿ ಸಾಧಿಸಿ ತೋರಿಸಿದ ನಿಯಮ ಇದೇ. ಇಂಥ ಸ್ಥಿತಿಯಲ್ಲಿ ಒಡೆಯುವ ಯಂತ್ರಗಳನ್ನು ಹೆಚ್ಚಿಸಿದರೆ ರಾಶಿ ಬೆಳೆಯುತ್ತದೆಯೇ ಹೊರತು ಮಾರಾಟಕ್ಕೆ ಸಿದ್ಧವಾಗುವ ಮಾಲು ಹೆಚ್ಚುವುದಿಲ್ಲ. ಜಪಾನಿನ ಕಾರು ಕಂಪನಿ ಟೊಯೊಟಾದ ಎಂಜಿನಿಯರ್ ತಾಯಿಚಿ ಓನೊ ಅವರು ಅಗತ್ಯಕ್ಕಿಂತ ಹೆಚ್ಚಿನ ಉತ್ಪಾದನೆಯನ್ನೇ ಅತಿ ಕೆಟ್ಟ ವ್ಯರ್ಥವೆಂದು ಎಣಿಸಿದ್ದು ಇದಕ್ಕಾಗಿಯೇ.

ವೇಗವೊಂದನ್ನೇ ಸುಧಾರಣೆಯೆಂದು ತಿಳಿಯಬೇಡಿ. ಇಡೀ ತಿರುಳಿಗೆ ಸಿಗುವ ಬೆಲೆ ತುಂಡಿಗೆ ಸಿಗುವುದಿಲ್ಲವಾದ್ದರಿಂದ, ಪ್ರತಿದಿನದ ತುಂಡಿನ ಪ್ರಮಾಣವನ್ನು ನಕ್ಷೆಯಲ್ಲಿ ಗುರುತಿಸಿ, ಸಹಜ ಏರಿಳಿತ ಯಾವುದು, ಕಾರಣ ಹುಡುಕಲೇಬೇಕಾದ ಏರಿಳಿತ ಯಾವುದು ಎಂದು ಬೇರ್ಪಡಿಸಲು ಕಲಿಯಿರಿ. ಅಮೆರಿಕದ ಸಂಖ್ಯಾಶಾಸ್ತ್ರಜ್ಞ ವಾಲ್ಟರ್ ಶೂಹಾರ್ಟ್ 1924ರಲ್ಲಿ ರೂಪಿಸಿದ ನಿಯಂತ್ರಣ ನಕ್ಷೆಯ ಉದ್ದೇಶವೂ ಇದೇ ಆಗಿತ್ತು. ಆದ್ದರಿಂದ ಕೋರ್ಸು ಆರಿಸುವಾಗ ಸಂಖ್ಯಾಶಾಸ್ತ್ರವನ್ನು ಗಟ್ಟಿಯಾಗಿ ಕಲಿಸುವುದನ್ನೇ ನೋಡಿಕೊಳ್ಳಿ. ಅಷ್ಟೇ ಮುಖ್ಯವಾಗಿ, ವರ್ಷಗಟ್ಟಲೆ ಸಿಪ್ಪೆ ತೆಗೆದ ಅನುಭವವಿರುವ ನಿಮ್ಮ ಕಾರ್ಖಾನೆಯ ಮಹಿಳೆಯರನ್ನು, ಕೆಲಸ ಎಲ್ಲಿ, ಏಕೆ ನಿಲ್ಲುತ್ತದೆಂದು ಮೊದಲು ಕೇಳಿ ಬರೆದಿಟ್ಟುಕೊಳ್ಳಿ.