ಹಸಲರ ಕೇರಿಗೆ ಶಿಬಿರ ಹೋಗುವ ಮುನ್ನ

ಪ್ರಶ್ನೆ: ನಾನು ತೀರ್ಥಹಳ್ಳಿ ತಾಲ್ಲೂಕಿನ ಪದವಿ ಕಾಲೇಜೊಂದರಲ್ಲಿ ಉಪನ್ಯಾಸಕಿ, ಎನ್‌ಎಸ್‌ಎಸ್‌ ಘಟಕದ ಹೊಣೆಯೂ ನನ್ನದೇ. ಕೆನಡಾದಲ್ಲಿ ಓದುತ್ತಿರುವ ನನ್ನ ತಂಗಿಯ ಮಗಳು, ಅಲ್ಲಿನ ಕಾಲೇಜುಗಳಲ್ಲಿ ಸೆಪ್ಟೆಂಬರ್ 30ರಂದು ಕಿತ್ತಳೆ ಬಣ್ಣದ ಅಂಗಿ ತೊಟ್ಟು ಮೂಲನಿವಾಸಿಗಳಿಗಾದ ಅನ್ಯಾಯವನ್ನು ನೆನೆಯುತ್ತಾರೆಂದು ಹೇಳಿದಳು. ನಾವು ಕಳೆದ ನವೆಂಬರ್ 15ರ ಜನಜಾತೀಯ ಗೌರವ ದಿನದಂದು ಮಕ್ಕಳಿಗೆ ಸೊಪ್ಪು ಕಟ್ಟಿಸಿ, ಮುಖಕ್ಕೆ ಬಣ್ಣ ಬಳಿಸಿ ಕುಣಿಸಿದೆವು. ಸಭೆಯಲ್ಲಿದ್ದ, ಮಲೆನಾಡಿನ ಬುಡಕಟ್ಟಾದ ಹಸಲರ ಹುಡುಗಿಯೊಬ್ಬಳು ನಡುವೆಯೇ ಎದ್ದು ಹೋದಳು. ಅಂದಿನಿಂದ ನನಗೆ ಸಮಾಧಾನವಿಲ್ಲ. ಈ ವರ್ಷದ ಏಳು ದಿನಗಳ ವಿಶೇಷ ಶಿಬಿರವನ್ನು ಅವಳ ಕೇರಿಯ ಬಳಿ ನಡೆಸಬೇಕೆಂದಿದ್ದೇವೆ. ಹೇಗೆ ನಡೆಸಿದರೆ ಸರಿಯಾದೀತು?

ಉತ್ತರ: ಶಿಬಿರದ ಮಾತಿಗೆ ಮೊದಲು ಆ ಹುಡುಗಿಯ ಮಾತು. ಅವಳೊಬ್ಬಳನ್ನೇ ಕೂರಿಸಿಕೊಂಡು, "ನಮ್ಮಿಂದ ತಪ್ಪಾಯಿತು" ಎಂದು ಹೇಳಿ. ಏಕೆ ಎದ್ದು ಹೋದೆ ಎಂದು ವಿವರಣೆ ಕೇಳಬೇಡಿ. ತಾನಾಗಿ ಹೇಳಿದರೆ ಕೇಳಿಸಿಕೊಳ್ಳಿ.

ಕೆನಡಾದ ಆ ಅಂಗಿಯ ಹಿಂದೆ ಒಂದು ನಿಜವಾದ ಅಂಗಿಯಿದೆ. 1973ರಲ್ಲಿ ಆರು ವರ್ಷದ ಬಾಲಕಿಯೊಬ್ಬಳು ಅಜ್ಜಿ ಕೊಡಿಸಿದ ಹೊಸ ಕಿತ್ತಳೆ ಅಂಗಿ ತೊಟ್ಟು ವಸತಿಶಾಲೆಗೆ ಹೋದಾಗ, ಮೊದಲ ದಿನವೇ ಅದನ್ನು ಅವಳಿಂದ ಕಿತ್ತುಕೊಂಡರು. ಹೀಗೆ ತಾಯ್ನುಡಿಯನ್ನೂ ಮನೆಯನ್ನೂ ಮರೆಸುವುದಕ್ಕೆಂದೇ ನಡೆಸಿದ ಆ ಶಾಲೆಗಳಿಗೆ, ಒಂದು ಶತಮಾನಕ್ಕೂ ಹೆಚ್ಚು ಕಾಲ, ಸುಮಾರು 1,50,000 ಮೂಲನಿವಾಸಿ ಮಕ್ಕಳನ್ನು ಒಯ್ಯಲಾಯಿತು. 2008ರಲ್ಲಿ ನೇಮಕಗೊಂಡ 'ಟ್ರೂತ್ ಆ್ಯಂಡ್ ರಿಕನ್ಸಿಲಿಯೇಷನ್' ಆಯೋಗವು ಸಾವಿರಾರು ಜನರ ಸಾಕ್ಷ್ಯ ಕೇಳಿ, 2015ರಲ್ಲಿ 94 ಶಿಫಾರಸುಗಳನ್ನು ಮುಂದಿಟ್ಟಿತು. ಅವರು ರಿಕನ್ಸಿಲಿಯೇಷನ್ ಎನ್ನುವುದನ್ನು ನಾವು ರಾಜಿ ಎಂದರೆ ಕೋರ್ಟಿನ ವಾಸನೆ ಬರುತ್ತದೆ. ಕೆಟ್ಟುಹೋದ ಸಂಬಂಧವನ್ನು ಮತ್ತೆ ಕೂಡಿಸಿಕೊಳ್ಳುವುದು ಎಂದರೆ ಅರ್ಥಕ್ಕೆ ಹತ್ತಿರ. ಆ ಆಯೋಗದ ಹೆಸರಿನಲ್ಲಿ ಇದಕ್ಕಿಂತ ಮೊದಲು ಬರುವ ಪದ ಸತ್ಯ.

ನಮ್ಮ ಸತ್ಯ ಬೇರೆ. ಮಲೆನಾಡಿನಲ್ಲಿ ಹಸಲರನ್ನು ಜೀತಕ್ಕಿಟ್ಟುಕೊಂಡವರು ಕಡಲಾಚೆಯಿಂದ ಬಂದವರಲ್ಲ, ಇಲ್ಲಿಯ ತೋಟ ಗದ್ದೆಗಳ ಒಡೆಯರೇ. ಜೀತ ರದ್ದತಿಯ ಕಾಯ್ದೆ ಬಂದದ್ದು 1976ರಲ್ಲಿ. ನಿಮ್ಮ ತರಗತಿಯಲ್ಲಿ ಆ ಎರಡೂ ಕಡೆಯ ಮನೆಗಳ ಮಕ್ಕಳು ಒಂದೇ ಬೆಂಚಿನಲ್ಲಿ ಕುಳಿತಿರಬಹುದು. ಶಿಬಿರಕ್ಕೆ ಹೊರಡುವ ಮೊದಲು ಇದನ್ನು ಎಲ್ಲರಿಗೂ ತಿಳಿಸಿ ಹೇಳುವುದು ನಿಮ್ಮ ಕೆಲಸ. ಅದನ್ನು ಆ ಹುಡುಗಿಯ ಹೆಗಲಿಗೆ ಹಾಕಬಾರದು.

ಕೇರಿಗೆ ಮೊದಲು ನೀವೊಬ್ಬರೇ ಹೋಗಿ, ಅವರಿಗೇನು ಬೇಕೆಂದು ಕೇಳಿ. ರಸ್ತೆ ಗುಡಿಸುವುದು ಬೇಡ, ಶಿಬಿರವೇ ಬೇಡ ಎಂದರೂ ಒಪ್ಪಿಕೊಳ್ಳಿ. ಅರಣ್ಯ ಹಕ್ಕಿನ ಅರ್ಜಿಗೆ ನೆರವು ಬೇಕೆಂದರೆ ನಿಮ್ಮ ವಿದ್ಯಾರ್ಥಿಗಳಿಗೆ ಘನವಾದ ಕೆಲಸವಿದೆ. 2006ರ ಅರಣ್ಯ ಹಕ್ಕು ಕಾಯ್ದೆಯಂತೆ, 2005ರ ಡಿಸೆಂಬರ್ 13ಕ್ಕೆ ಮೊದಲಿನಿಂದ ಕಾಡಿನಲ್ಲಿ ವಾಸವಾಗಿದ್ದು ಅದನ್ನೇ ನಂಬಿಕೊಂಡಿರುವ ಪರಿಶಿಷ್ಟ ಪಂಗಡದವರು ಗ್ರಾಮಸಭೆಯ ಅರಣ್ಯ ಹಕ್ಕು ಸಮಿತಿಗೆ ಅರ್ಜಿ ಕೊಡಬಹುದು. ಹಸಲರು ಆ ಪಟ್ಟಿಯಲ್ಲಿದ್ದಾರೆ. ದಾಖಲೆಯೆಂದರೆ ಬರೀ ಸರ್ಕಾರಿ ಕಾಗದವಲ್ಲ. ಅರ್ಜಿದಾರರಲ್ಲದ ಹಿರಿಯರ ಹೇಳಿಕೆಯನ್ನು ಬರೆದುಕೊಂಡರೆ ಅದೂ ಸಾಕ್ಷ್ಯ. ಹಳೆಯ ಬಾವಿ, ಹಿರಿಯರನ್ನು ಹೂಳಿದ ಜಾಗ, ದೇವರ ಬನದ ಕಲ್ಲು, ಕಟ್ಟಿದ ಒಡ್ಡು, ಇವೂ ಸಾಕ್ಷ್ಯವೇ. ಆದರೆ ಒಂದಕ್ಕಿಂತ ಹೆಚ್ಚು ಬೇಕು. ದಂಪತಿಯಾದರೆ ಹಕ್ಕುಪತ್ರದಲ್ಲಿ ಇಬ್ಬರ ಹೆಸರೂ ಬರಬೇಕೆಂಬುದನ್ನು ಅಲ್ಲಿಯ ಹೆಂಗಸರಿಗೆ ತಪ್ಪದೆ ತಿಳಿಸಿ.

ಹಕ್ಕುಪತ್ರ ಸಿಕ್ಕೇ ಸಿಗುತ್ತದೆಂದು ಯಾವ ವಿದ್ಯಾರ್ಥಿಯೂ ಮಾತು ಕೊಡಬಾರದು. ಅರ್ಜಿ ಉಪವಿಭಾಗ, ಜಿಲ್ಲಾ ಸಮಿತಿಗಳನ್ನು ದಾಟಬೇಕು. ಫೋಟೊ ತೆಗೆಯುವ ಮುನ್ನ ಕೇಳಬೇಕು. ಅಜ್ಜನೊಬ್ಬ ಬಾವಿ ತೋರಿಸಿ, ಅದನ್ನು ತೋಡುವಾಗ ತಾನೆಷ್ಟು ದೊಡ್ಡವನಿದ್ದೆನೆಂದು ಸೊಂಟದೆತ್ತರಕ್ಕೆ ಕೈ ಹಿಡಿದು ಹೇಳಿದರೆ, ಅದನ್ನು ಅವರ ಮಾತಿನಲ್ಲೇ ಬರೆದುಕೊಳ್ಳಲಿ, ತಿದ್ದುವುದು ಬೇಡ. ಬರೆದದ್ದನ್ನು ಗಟ್ಟಿಯಾಗಿ ಓದಿ ಹೇಳಿ, ಹೌದೆಂದ ಮೇಲಷ್ಟೇ ಹೆಬ್ಬೆಟ್ಟು ಒತ್ತಿಸಿಕೊಳ್ಳಲಿ. ಒಂದು ಪ್ರತಿ ಆ ಮನೆಯಲ್ಲೇ ಉಳಿಯಲಿ. ಕಾಲೇಜಿನ ಕಡತಕ್ಕೆ ಬೇಕಿದ್ದರೆ ಅವರ ಒಪ್ಪಿಗೆ ಪಡೆಯಿರಿ.